ವಾಸನೆಯ ಮೊದಲ ಮಾತು

ಬೆಳಿಗ್ಗೆ ಕಾರ್ಖಾನೆಯ ಬಾಗಿಲು ತೆಗೆದಾಗ ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿತ್ತು, ಚಳಿಗಾಲದ ಆ ಜ್ವರ ಬಿಟ್ಟು ಹೋದಾಗಿನಿಂದ ಬಂದಿರಲಿಲ್ಲ. ಆದರೂ ಚಿಲಕ ಸರಿಸುವಾಗ ದಿನವೂ ಮೂಗು ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಊಟದ ಹೊತ್ತಿಗೆ ಹೊಸ್ತಿಲಿಗೆ ಬಂದು ಕೂರುವ ಬೆಕ್ಕಿನ ಹಾಗೆ. ಕಾರ್ಖಾನೆ ಎಂಬುದೇ ದೊಡ್ಡ ಮಾತು. ಮನೆಯ ಹಿಂದೆ ಅಪ್ಪ ಸಾಬೂನು ಕಾಯಿಸುತ್ತಿದ್ದ ಎರಡು ಕೋಣೆ, ಅವಕ್ಕೆ ಅಂಟಿಕೊಂಡಂತೆ ಹೋದ ವರ್ಷ ಅವಳೇ ಹಟ ಹಿಡಿದು ಹಾಕಿಸಿದ ತಗಡಿನ ಶೆಡ್ಡು, ಅಷ್ಟೆ. ಹಲಗೆಗಳ ಮೇಲೆ ಹೊಸ ಸಾಬೂನು ಸಾಲಾಗಿ ಒಣಗುತ್ತಿತ್ತು. ಕೆನೆಯ ಬಣ್ಣ, ಅಂಚು ಎಲ್ಲೂ ಉದುರಿರಲಿಲ್ಲ, ಹೆಬ್ಬೆರಳಿಂದ ಒತ್ತಿದರೆ ಗುರುತು ಬೀಳುತ್ತಿರಲಿಲ್ಲ. ಅವಳು ಒಂದನ್ನು ಎತ್ತಿ ನಾಲಿಗೆಯ ತುದಿಗೆ ತಾಗಿಸಿದಳು. ಚುರ್ ಎನ್ನಲಿಲ್ಲ, ಹಾಗಾದರೆ ಕಾಸ್ಟಿಕ್ ಸೋಡಾದ ಖಾರ ಪೂರ್ತಿ ಇಳಿದಿದೆ. ಅಪ್ಪ ಕಲಿಸಿದ್ದರಲ್ಲಿ ಅವಳ ಪಾಲಿಗೆ ಇದೊಂದು ಉಳಿದಿತ್ತು, ಉರಿಯಿತೋ ಇಲ್ಲವೋ ಎಂದು ತಿಳಿಯುವುದು. ಆಮೇಲೆ ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದು, ಅಪ್ಪ ಹಿಡಿಯುತ್ತಿದ್ದಷ್ಟೇ ಹೊತ್ತು ಹಿಡಿದು, ಕಣ್ಣು ಅರ್ಧ ಮುಚ್ಚಿ, ಯಾರೂ ಇಲ್ಲದ ಕೋಣೆಯಲ್ಲಿ “ಹೂಂ” ಎಂದಳು. ಅಭ್ಯಾಸ ತಪ್ಪಬಾರದು.

ಮಧ್ಯಾಹ್ನಕ್ಕೆ ಖರೀದಿಯ ಹೆಂಗಸು ಬರುವವಳಿದ್ದಳು. ಹಲವು ಊರುಗಳಲ್ಲಿ ವಸತಿಗೃಹ ನಡೆಸುವ ಸಂಸ್ಥೆಯ ಕಡೆಯವಳು. ಅಲ್ಲಿನ ಪ್ರತಿ ಕೋಣೆಗೂ ಒಂದೊಂದು ಸಾಬೂನು ಬೇಕಂತೆ, ಬೇರೆಲ್ಲೂ ಸಿಗದಂಥ ಸಾಬೂನು. ಇದು ಆದರೆ ಶೆಡ್ಡು ಉಳಿಯುತ್ತದೆ. ಆಗದಿದ್ದರೆ ಅದನ್ನು ಗೋದಾಮಿಗೆ ಬಾಡಿಗೆ ಕೊಟ್ಟು, ಅಪ್ಪನ ಕಾಲದಂತೆ ಬಟ್ಟೆ ಒಗೆಯುವ ಹಳದಿ ಬಾರ್ ಸಾಬೂನಿಗೇ ಅಂಟಿಕೊಂಡಿರೋಣ ಎಂದು ತಮ್ಮ ಹೇಳಿಬಿಟ್ಟಿದ್ದ. ಸಿಟ್ಟಿನಿಂದ ಹೇಳಿದ್ದರೆ ಅವಳೂ ಎದುರು ಮಾತಾಡುತ್ತಿದ್ದಳು. ತಟ್ಟೆಯಲ್ಲಿ ಬೆರಳಾಡಿಸುತ್ತ, ಅವಳ ಮುಖ ನೋಡದೆ, ಬಹಳ ಮೆತ್ತಗೆ ಹೇಳಿದ್ದ.

ಬಾರ್ ಸಾಬೂನನ್ನು ಅವಳು ಕಡೆಗಣಿಸಿದವಳಲ್ಲ. ಅಪ್ಪ ಹದ ಮಾಡಿದ ಆ ಹಳದಿ ಗಟ್ಟಿಯನ್ನು ತಂತಿಯಿಂದ ಕತ್ತರಿಸುವಾಗ ಏಳುತ್ತಿದ್ದ ಸಣ್ಣ ಕಿರ್ರೆಂಬ ಸದ್ದಿಗೇ ಅವಳು ಬೆಳೆದದ್ದು. ಆದರೆ ಚಿಕ್ಕಂದಿನಿಂದ ಅವಳ ತಲೆಯೊಳಗೆ ಇನ್ನೊಂದು ಸಾಬೂನು ಇತ್ತು. ಎಲ್ಲಿಯೋ, ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ, ಪ್ರಯಾಣದಿಂದ ಬಳಲಿ ಬಂದ ಯಾರೋ ಮುಖ ತೊಳೆಯುತ್ತಾರೆ. ಕೈ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಈ ವಾಸನೆ ಎಲ್ಲಿಯದು, ಯಾರದು ಎಂದು ನೆನಪು ಮಾಡಿಕೊಳ್ಳಲು ಹೋಗಿ, ಆಗದೆ, ಆದರೂ ಏನೋ ಸಮಾಧಾನವಾಗಿ ಮಲಗುತ್ತಾರೆ. ಅಷ್ಟೇ. ಆ ಅಷ್ಟಕ್ಕಾಗಿ ಎಷ್ಟು ವರ್ಷ ಕಾಯಿಸಿದಳು, ಎಷ್ಟು ಚೆಲ್ಲಿದಳು. ಮೊದಲಿನದು ಒಣಗುತ್ತ ಒಣಗುತ್ತ ಬೆವರಿತು. ಆಮೇಲಿನದು ನಡುವೆ ಸೀಳು ಬಿಟ್ಟಿತು. ಒಂದು ಕಾಗದಕ್ಕೆ ಅಂಟಿಕೊಂಡು ಅಕ್ಷರಗಳನ್ನೆಲ್ಲ ಮೈಮೇಲೆ ಇಳಿಸಿಕೊಂಡಿತು. ಇನ್ನೊಂದು ಎಷ್ಟು ಉಜ್ಜಿದರೂ ನೊರೆ ಕೊಡಲಿಲ್ಲ. “ಪಾಪ, ನಾಚಿಕೊಳ್ತಿದೆ, ಅದಕ್ಕೊಂದು ಗಂಡು ನೋಡು” ಎಂದು ತಮ್ಮ ನಕ್ಕಿದ್ದ. ಅವಳೂ ನಕ್ಕು, ಕೆಟ್ಟ ಬಿಲ್ಲೆಗಳನ್ನೆಲ್ಲ ಕೊಪ್ಪರಿಗೆಗೆ ಹಾಕಿ ಮತ್ತೆ ಕಾಯಿಸಿದ್ದಳು. ಕೊನೆಗೆ ಗಟ್ಟಿಯೂ ನೊರೆಯೂ ಒಂದಕ್ಕೊಂದು ಒಪ್ಪಿದವು. ವಾಸನೆಯೂ ತಲೆಯಲ್ಲಿ ಸಿದ್ಧವಾಯಿತು: ನೆರಳಲ್ಲಿ ಒಣಗಿದ ಬಟ್ಟೆಯ ಹಾಗೆ ಶುರುವಾಗಿ, ಆಗಷ್ಟೇ ಕೊಯ್ದ ಹುಲ್ಲಿನ ಹಾಗೆ ಹರಡಿ, ತೀರ ಕೊನೆಗೆ ಕಾಳುಮೆಣಸು ಎಲ್ಲೋ ದೂರದಲ್ಲಿ ಒಡೆದ ಹಾಗೆ. ಆಮೇಲೆ ಜ್ವರ ಬಂತು. ಎದ್ದವಳು, ಬೇಸಿಗೆಯ ನಡುವೆ, ನೆನಪಿನ ಅಳತೆಯಲ್ಲೇ ಸುಗಂಧದ ಎಣ್ಣೆಗಳನ್ನು ಬೆರೆಸಿದಳು. ತಾನು ಮಾಡಿದ್ದರ ವಾಸನೆ ತನಗೇ ಒಮ್ಮೆಯೂ ಬಂದಿರಲಿಲ್ಲ.

ಯಾರಿಗೂ ಹೇಳಿರಲಿಲ್ಲ. ಮೊದಲು, ನಾಳೆ ಬರಬಹುದು ಎಂದು. ಆಮೇಲೆ, ನಿನ್ನೆಯೇ ಹೇಳಲಿಲ್ಲವಲ್ಲ ಎಂದು. ಈ ಮನೆಯಲ್ಲಿ ಅವಳೆಂದರೆ ಮೂಗು. ಕಣ್ಣಿಗೆ ಅಪ್ಪನ ಟವೆಲ್ಲು ಬಿಗಿದು, ಚಮಚದಲ್ಲಿ ಒಂದೊಂದೇ ಎಣ್ಣೆ ಹಿಡಿದು, ಯಾವುದು ಹೇಳು, ಇದು ಯಾವ ಕಾಲದ್ದು ಹೇಳು ಎಂದು ಅಪ್ಪ ಕೇಳುತ್ತಿದ್ದದ್ದು ಅವಳನ್ನು. ತಮ್ಮ ಪಕ್ಕದಲ್ಲಿ ಕೂತು ಸುಮ್ಮನೆ ಕಾಲಾಡಿಸುತ್ತಿದ್ದ. “ಇವಳಿರೋವರೆಗೂ ನಮ್ಮ ಮನೆಗೆ ಚಿಂತೆಯಿಲ್ಲ” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಬೀದಿಯವರು ಅಪ್ಪನ ನಂತರ ಅವಳಿಗೆ ಸೋಪಕ್ಕ ಎಂದು ಹೆಸರಿಟ್ಟರು. ಮದುವೆಯ ಮಾತು ಬಂದು ಬಂದು ನಿಂತುಹೋದಾಗಲೂ, ತಮ್ಮನಿಗೆ ಮದುವೆಯಾಗಿ ಮನೆಯ ಬೀಗದ ಕೈ ಬೇರೆ ಸೊಂಟಕ್ಕೆ ಹೋದಾಗಲೂ, ಅವಳ ಜಾಗ ಅಲುಗಾಡಲಿಲ್ಲ. ಮುಖದ ನಡುವೆ ಕಾವಲುಗಾರನ ಹಾಗೆ ಮೂಗು ಇತ್ತು. ಅದು ಹೋಯಿತೆಂದು ಹೇಳಿದರೆ ಉಳಿಯುವುದೇನು? ಕೊಪ್ಪರಿಗೆ ತಿರುಗಿಸುವ ಕೈ. ಅದನ್ನು ಯಾರೂ ತಿರುಗಿಸಬಹುದು.

ಅದಲ್ಲದೆ ಅಪ್ಪನ ಕಟ್ಟಳೆಯೊಂದು ಅವಳನ್ನು ಕಾಪಾಡುತ್ತಿತ್ತು. ಒಬ್ಬರ ಬಾಯಿಮಾತು ಇನ್ನೊಬ್ಬರ ಮೂಗಿಗೆ ಹೋಗುತ್ತದೆ ಎಂದು ಅಪ್ಪ ನಂಬಿದ್ದ. ಒಬ್ಬ ಗುಲಾಬಿ ಎಂದರೆ ಉಳಿದವರಿಗೂ ಗುಲಾಬಿಯೇ ಬರುತ್ತದೆ. ಹಾಗಾಗಿ ವಾಸನೆಯ ಮೊದಲ ಮಾತು ಸಾಬೂನು ಮಾಡಿದವರದು. ಅವರು ಹೇಳುವವರೆಗೆ ಮನೆಯಲ್ಲಿ ಇನ್ಯಾರೂ ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎನ್ನಬಾರದು, ಮುಖ ಕೂಡ ಸಿಂಡರಿಸಬಾರದು. ಒಂದು ಸಲ ತಮ್ಮ ಬಾಯಿ ತಪ್ಪಿ “ಥೂ” ಎಂದದ್ದಕ್ಕೆ ಅಪ್ಪ ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದ. ಈ ಹೊಸ ಸಾಬೂನು ಅಚ್ಚಿನಿಂದ ಇಳಿದ ದಿನ ಎಲ್ಲರೂ ಅವಳ ಸುತ್ತ ನಿಂತಿದ್ದರು: ಅಮ್ಮ, ತಮ್ಮ, ಮತ್ತೆ ತಮ್ಮನ ಹೆಂಡತಿ, ಬಂದು ಎರಡು ವರ್ಷವಾದರೂ ಮನೆಯಲ್ಲಿ ಇನ್ನೂ ಹೊಸಬಳು ಎಂದೇ ಕರೆಸಿಕೊಳ್ಳುವವಳು. ನಡುವೆ ನಿಂತವಳು ಬಿಲ್ಲೆಯನ್ನು ಮೂಗಿಗೆ ಹಿಡಿದು ಒಬ್ಬೊಬ್ಬರ ಮುಖವನ್ನೂ ಕದ್ದು ನೋಡಿದಳು. ಸಾಲಾಗಿ ಮುಚ್ಚಿದ ಕದಗಳು. ಎಂಥ ವಿಧೇಯ ಮುಖಗಳು. “ಈಗ್ಲೇ ಹೇಳಲ್ಲ. ಹದ ಬರ್ಲಿ” ಎಂದುಬಿಟ್ಟಳು. ಅವರೂ ಸರಿ ಎಂದರು. ಹದ ಬರುತ್ತ ವಾರಗಳೇ ಕಳೆದವು. ಮಾತು ಮಾತ್ರ ಹಲಗೆಯ ಮೇಲೆ ಹಾಗೇ ಉಳಿದಿತ್ತು.

“ಅಕ್ಕಾ, ಫೋನ್ ಬಂದಿತ್ತು. ಊಟಕ್ಕೆ ಮುಂಚೆನೇ ಬರ್ತಾರಂತೆ.” ತಮ್ಮ ಬಾಗಿಲಲ್ಲಿ ನಿಂತಿದ್ದ.

“ಆ ಅಂಗಿ ಬದಲಾಯಿಸೋ. ಸಾಬೂನು ಮಾಡೋ ಮನೆ ಅಂತ ಯಾರೂ ನಂಬಲ್ಲ.”

“ಎಲ್ಲಾ ಸಾಬೂನು ಅವರಿಗೇ ಇಟ್ಟಿದ್ದೀವಿ, ನಮಗೆ ಮಿಗಲ್ಲ ಅಂತ ಹೇಳು.” ನಗುತ್ತಲೇ ಒಳಗೆ ಬಂದವನು ಹಲಗೆಗಳ ಹತ್ತಿರ ಬರಲಿಲ್ಲ. ಕಿಟಕಿಯ ಎರಡೂ ರೆಕ್ಕೆಗಳನ್ನು ತಳ್ಳಿ ತೆರೆದು ಅಲ್ಲೇ ನಿಂತ. “ಇವತ್ತಾದ್ರೂ ಹೇಳ್ತೀಯಲ್ಲ?”

“ಏನನ್ನ?”

“ಇದರ ಮಾತು.”

“ಅವರ ಮುಂದೇನೇ ಹೇಳ್ತೀನಿ.”

ತಮ್ಮ ಏನೋ ಹೇಳಲು ಬಾಯಿ ತೆರೆದ. ತುಟಿ ಒಂದು ಆಕಾರಕ್ಕೆ ಬಂದು, ಆ ಆಕಾರ ಕರಗಿತು. “ನಿನ್ನ ಮೂಗು, ನಿನ್ನ ಮಾತು. ನಿನ್ನ ತಲೇಲಿ ಏನೋ ಇರುತ್ತೆ ಬಿಡು” ಎಂದು ಹೋದ. ಹೋದ ಮೇಲೆ ಅವಳು ಆ ಕಿಟಕಿಯನ್ನೇ ನೋಡಿದಳು. ಯಾಕೆ ತೆರೆದ? ಸೆಖೆಗೆ ಇರಬಹುದು. ನಿನ್ನೆ ಹೊಸಬಳು ಒಗೆದ ಬಟ್ಟೆಗಳನ್ನು ಹಿತ್ತಿಲ ಹಗ್ಗದಿಂದ ತೆಗೆದು ಮುಂಬಾಗಿಲ ಕಡೆ ಹಾಕಿದ್ದಳು. ಬಿಸಿಲು ಆ ಕಡೆ ಹೆಚ್ಚು ಎಂದಿದ್ದಳು. ಬಿಸಿಲು ಆ ಕಡೆ ಹೆಚ್ಚೇ? ವಾಸನೆ ಹೋದ ಮೇಲೆ ಜಗತ್ತು ಅವಳಿಗೆ ಗಾಜಿನಾಚೆ ಮಾತಾಡುವ ಜನರ ಹಾಗೆ ಕಾಣುತ್ತಿತ್ತು. ಯಾರ ಕೈ ಯಾಕೆ ಆಡಿತು, ಯಾರು ಯಾಕೆ ಎದ್ದು ಹೋದರು, ಎಲ್ಲವನ್ನೂ ಊಹಿಸಿ ಊಹಿಸಿ ಸಂಜೆಯ ಹೊತ್ತಿಗೆ ತಲೆ ಭಾರವಾಗುತ್ತಿತ್ತು.

ಸುತ್ತುವ ಕಾಗದ ತರಬೇಕಿತ್ತು. ಬೀದಿ ಎಂದಿನಂತೆ ಇತ್ತು: ಅರ್ಧ ಎತ್ತಿದ ಅಂಗಡಿ ಬಾಗಿಲುಗಳು, ಸೈಕಲ್ಲಿಗೆ ಗಾಳಿ ತುಂಬುವ ಸದ್ದು, ಗೋಡೆಗೆ ಒರಗಿಸಿದ ಏಣಿ. ಮೊದಲು ಈ ಬೀದಿಯನ್ನು ಕಣ್ಣು ಮುಚ್ಚಿ ದಾಟಬಲ್ಲವಳಾಗಿದ್ದಳು. ಇಲ್ಲಿ ಸುಟ್ಟ ಕಬ್ಬಿಣ, ಇಲ್ಲಿ ಒದ್ದೆ ಗೋಣಿ, ಇಲ್ಲಿ ಔಷಧಿ ಅಂಗಡಿಯ ತಣ್ಣನೆಯ ಕಹಿ. ಈಗ ಅಳಿಸಿದ ಕರಿಹಲಗೆಯ ಮೇಲೆ ನಡೆದಂತೆ ನಡೆದಳು. ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಒಬ್ಬ ಹೆಂಗಸು ತನ್ನ ನೆರಳನ್ನು ಒಗೆದು, ಹಗ್ಗದ ಮೇಲೆ ಹರವಿ, ಮರೆತು ಸಂತೆಗೆ ಹೋಗುತ್ತಾಳೆ. ಸಂತೆಯ ಜನರೆಲ್ಲ ನೋಡುತ್ತಾರೆ. ಬಳೆಯವನು ನೋಡುತ್ತಾನೆ, ತಕ್ಕಡಿಯವನು ನೋಡುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. “ಯಾಕಜ್ಜಿ ಹೇಳ್ಲಿಲ್ಲ?” ಎಂದು ಅವಳು ಪ್ರತಿ ಸಲವೂ ಕೇಳುತ್ತಿದ್ದಳು. “ಅವಳಿಗೇ ಗೊತ್ತಿರುತ್ತೆ ಅಂದ್ಕೊಂಡ್ರು ಕಣೆ” ಎಂದು ಅಜ್ಜಿ ಪ್ರತಿ ಸಲವೂ ಹೇಳುತ್ತಿದ್ದಳು, ಹೇಳಿ ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಆ ಹೆಂಗಸಿಗೆ ಆಮೇಲೆ ಏನಾಯಿತು ಎಂಬಲ್ಲಿಗೆ ಬರುವ ಮೊದಲೇ ಅವಳಿಗೆ ನಿದ್ದೆ ಬಂದಿರುತ್ತಿತ್ತು.

“ಏನ್ ಸೋಪಕ್ಕ,” ಕಾಗದದಂಗಡಿಯವನು ಹಾಳೆಗಳನ್ನು ಎಣಿಸುತ್ತ ಫ್ಯಾನಿನ ಮುಖವನ್ನು ಅವಳ ಕಡೆಗೆ ತಿರುಗಿಸಿದ. “ಸಾಬೂನು ಬಿಟ್ಟು ಬೇರೆ ಏನಾದ್ರೂ ಕಾಯಿಸೋಕೆ ಶುರು ಮಾಡಿದ್ರಾ?”

“ಯಾಕೆ?”

“ಏನಿಲ್ಲಪ್ಪ. ಸುಮ್ನೆ ಕೇಳ್ದೆ.” ಅವನು ಕಾಗದದ ಸುರುಳಿಯನ್ನು ತೋಳುದ್ದ ಚಾಚಿ ಕೊಟ್ಟ.

ಅಂಗಡಿಯ ಮೆಟ್ಟಿಲ ಮೇಲೆ ಸದಾ ಮಲಗಿರುವ ನಾಯಿ ಎದ್ದು ಬಂದು ಅವಳ ಬೆರಳುಗಳನ್ನು ನೆಕ್ಕತೊಡಗಿತು. ಮೊದಲೆಲ್ಲ ಅದು ಅವಳನ್ನು ಕಂಡರೆ ಸೀನಿ ಆಚೆ ಹೋಗುತ್ತಿತ್ತು. ಈಗ ಒಂದೊಂದೇ ಬೆರಳನ್ನು, ಬೆರಳ ಸಂದಿಯನ್ನು, ತೊಳೆಯದ ಬಾಣಲೆ ಸಿಕ್ಕ ಹಾಗೆ ಶ್ರದ್ಧೆಯಿಂದ ನೆಕ್ಕಿತು. “ನೋಡಿ, ನಿಮ್ಮ ಹೊಸ ಮಾಲಿಗೆ ಮೊದಲನೇ ಗಿರಾಕಿ” ಎಂದು ಅಂಗಡಿಯವನು ನಕ್ಕ. ಅವಳೂ ನಕ್ಕಳು. ನಗು ಮುಗಿಯುವ ಮೊದಲೇ ಕಿವಿಯ ಹಿಂದೆ ಬಿಸಿ ಏರಿತು. ತಿರುವಿನಾಚೆ ಏಣಿಯ ಮರೆಯಲ್ಲಿ ನಿಂತು ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಎಳೆದಳು. ಎದೆ ತುಂಬುವಷ್ಟು ಎಳೆದಳು. ಬರೀ ಗಾಳಿ. ಅವಳ ಕೈಯಲ್ಲಿ ಏನೋ ಇತ್ತು. ಅಂಗಡಿಯವನಿಗೆ ಗೊತ್ತಿತ್ತು, ನಾಯಿಗೆ ಗೊತ್ತಿತ್ತು.

ಅಡುಗೆಮನೆಯಲ್ಲಿ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ಅವಳು ಬಾಗಿಲಿಗೆ ಬಂದು ನಿಂತಳು. ಕೇಳಬೇಕಾದದ್ದು ಒಂದೇ ಸಾಲು: ಅಮ್ಮ, ನನ್ನ ಕೈ ಏನು ವಾಸನೆ? ಆ ಸಾಲು ಬಾಯಿಯವರೆಗೆ ಬಂದು, ಬಂದದ್ದೇ ತಾನು ಎಂಥ ಸಾಲೆಂದು ತಿಳಿದು ಹಿಂದಕ್ಕೆ ಸರಿಯಿತು. ಜ್ವರ ಬಿಟ್ಟ ಹೊಸತರಲ್ಲಿ ಒಂದು ದಿನ, ಒಲೆಯ ಪಕ್ಕದ ಮಣೆಯ ಮೇಲೆ ಅವಳು ಕೂತು ಏನೋ ಓದುತ್ತಿದ್ದಾಗ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕಪ್ಪಾಗುವವರೆಗೂ ಓದುತ್ತಲೇ ಇದ್ದಳು. ಅಮ್ಮ ಮಹಡಿಯಿಂದ ಓಡಿ ಬಂದು ಒಲೆ ಆರಿಸಿದಳು. ಬೈಯಲಿಲ್ಲ. ಪಾತ್ರೆಯನ್ನು ನೋಡಿ ಅವಳನ್ನು ನೋಡಿದಳು, ಬೂದಿ ತೆಗೆದುಕೊಂಡು ತಿಕ್ಕಲು ಕೂತಳು. ಅಮ್ಮ ಅಷ್ಟು ಹೊತ್ತು ತಿಕ್ಕಿದ್ದು ಪಾತ್ರೆಯ ಕಪ್ಪಿಗಾಗಿಯೇ ಎಂದು ಅವಳು ಆಗ ಅಂದುಕೊಂಡಿದ್ದಳು.

“ಏನಾದ್ರೂ ಹೇಳ್ಬೇಕಿತ್ತಾ?” ಎಂದಳು ಅಮ್ಮ, ತಲೆಯೆತ್ತದೆ.

“ಇಲ್ಲ. ಕಾಗದ ತಂದೆ.”

“ಹೂಂ.” ಬಟಾಣಿಯೊಂದು ಜಾರಿ ಅವಳ ಕಾಲ ಹತ್ತಿರ ಉರುಳಿ ಬಂತು. ಅದನ್ನು ಎತ್ತಿ ಕೊಡುವಾಗ ಅಮ್ಮನ ಕೈ ಅವಳ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಿತು.

ಶೆಡ್ಡಿನಲ್ಲಿ ತಗಡು ಕಾದು ಚಟಚಟ ಎನ್ನುತ್ತಿತ್ತು. ಎಣ್ಣೆಯ ಡ್ರಮ್ಮಿನ ಮೇಲೆ ಕೈಯಿಟ್ಟವಳು ಹಿಂದಕ್ಕೆಳೆದುಕೊಂಡಳು, ಅಷ್ಟು ಬಿಸಿ. ಅಪ್ಪ ಎಣ್ಣೆಯನ್ನು ಒಳಕೋಣೆಯ ಕತ್ತಲಲ್ಲಿ, ಒದ್ದೆ ಗೋಣಿ ಸುತ್ತಿ ಇಡುತ್ತಿದ್ದ. ಹೊಸ ಶೆಡ್ಡು ಆದಾಗ ಜಾಗ ಸಾಕಷ್ಟಿದೆ, ಕೊಪ್ಪರಿಗೆಗೂ ಹತ್ತಿರ ಎಂದು ಅವಳೇ ಅದನ್ನು ಇಲ್ಲಿಗೆ ತರಿಸಿದ್ದಳು, ಅವಳೇ ಬೇಸಿಗೆ ಶುರುವಾಗುವಾಗ ದೊಡ್ಡ ಡ್ರಮ್ಮಿಗೆ ಹೇಳಿದ್ದಳು, ದೊಡ್ಡದಾಗಿ ಯೋಚನೆ ಮಾಡಬೇಕಲ್ಲವೆ. ಮುಚ್ಚಳ ತೆಗೆದು ಬಗ್ಗಿದಳು. ಎಣ್ಣೆ ತಿಳಿಯಾಗಿತ್ತು, ಅದರಲ್ಲಿ ಅವಳ ಮುಖವೂ ತಗಡಿನ ಒಂದು ತೂತಿನ ಬೆಳಕೂ ಕಂಡವು. ಬೆರಳದ್ದಿ ನಾಲಿಗೆಗಿಟ್ಟರೆ ಉರಿಯಲಿಲ್ಲ, ಏನೂ ಆಗಲಿಲ್ಲ. ಆದರೆ ಈಗ ಮೂಗು ಬೇಕಿರಲಿಲ್ಲ. ಬೇಸಿಗೆಯಲ್ಲಿ ವಾರಗಟ್ಟಲೆ ತಗಡಿನ ಕೆಳಗೆ ಕಾದ ಎಣ್ಣೆ ಏನಾಗುತ್ತದೆ ಎಂಬುದನ್ನು ಟವೆಲ್ಲು ಕಟ್ಟಿಸಿಕೊಂಡು ಕೂತ ಹುಡುಗಿಯೇ ಹೇಳಬಲ್ಲಳು. ಕಮಟು. ಆ ಕಮಟು ಎಣ್ಣೆಗೆ ಹುಲ್ಲಿನ, ಮೆಣಸಿನ, ನೆರಳಿನ ವಾಸನೆ ಬೆರೆಸಿ, ಬಿಲ್ಲೆ ಮಾಡಿ, ಹಲಗೆಯ ಮೇಲೆ ಸಾಲಾಗಿಟ್ಟು, ದಿನಾ ಬೆಳಿಗ್ಗೆ ಮೂಸಿ ಹೂಂ ಎಂದಿದ್ದಳು. ಮನೆಯವರು ಆ ನಾತದಲ್ಲಿ ಉಂಡರು, ಮಲಗಿದರು, ಬಟ್ಟೆ ಬೇರೆ ಕಡೆ ಒಣಹಾಕಿದರು; ಅವಳ ಮೊದಲ ಮಾತಿಗಾಗಿ ಕಾದರು. ಅವಳ ತಲೆಯಲ್ಲಿ ಏನೋ ಇರುತ್ತದೆ ಎಂದು ನಂಬಿದ್ದರಲ್ಲ, ಆ ನಂಬಿಕೆಯ ಮುಂದೆ ಅವಳಿಗೆ ಕೂರಬೇಕೆನಿಸಿತು. ಡ್ರಮ್ಮಿಗೆ ಒರಗಿದರೆ ಸುಡುತ್ತದೆಂದು ನೆಲದ ಮೇಲೆಯೇ ಕೂತಳು.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಆಮೇಲೆ ತಮ್ಮನ ಅತಿ ವಿನಯದ ದನಿ.

ಖರೀದಿಯ ಹೆಂಗಸು ಅವಳ ವಯಸ್ಸಿನವಳೇ. ದೊಡ್ಡ ಚೀಲ, ಚಪ್ಪಟೆ ಚಪ್ಪಲಿ, ಅವಸರವಿಲ್ಲದ ಮುಖ. ಹಲಗೆಗಳಿದ್ದ ಕೋಣೆಗೆ ಕಾಲಿಟ್ಟಾಗ ಒಂದು ಸಲ ನಿಂತು, ಮತ್ತೆ ಮುಂದೆ ಬಂದಳು. ತಮ್ಮ ಕುರ್ಚಿ ಒರೆಸಿದ. ಅವನು ಅಂಗಿ ಬದಲಾಯಿಸಿದ್ದ. ಮಡಿಕೆಯ ಗೆರೆಗಳು ಎದೆಯ ಮೇಲೆ ಎದ್ದು ಕಾಣುತ್ತಿದ್ದವು. ಅಮ್ಮ ಬಾಗಿಲ ಹತ್ತಿರ, ಹೊಸಬಳು ನೀರಿನ ತಟ್ಟೆ ಹಿಡಿದು ಅಮ್ಮನ ಹಿಂದೆ. ಬಂದವಳು ಬಿಲ್ಲೆಯನ್ನು ಎತ್ತಿ, ತಿರುಗಿಸಿ, ಉಗುರಿನಿಂದ ಗೀರಿ ನೋಡಿದಳು. “ಕೆಲಸ ಚೆನ್ನಾಗಿದೆ. ಇಷ್ಟು ನುಣುಪು ಕೈಯಲ್ಲಿ ಮಾಡೋರು ಈಗ ಕಮ್ಮಿ” ಎಂದಳು. ಆಮೇಲೆ ಮೂಗಿಗೆ ಹಿಡಿದಳು. ಅವಳ ಮುಖ ಯಾವ ಕಟ್ಟಳೆಗೂ ಒಳಪಟ್ಟದ್ದಲ್ಲ. ಆದರೂ ಮುಖವನ್ನು ಹಾಗೇ ಇಟ್ಟುಕೊಂಡಳು, ಎದುರಿಗಿರುವವರ ಮನಸ್ಸು ನೋಯಿಸಬಾರದೆಂದು ಕಲಿತವರು ಇಟ್ಟುಕೊಳ್ಳುವಂತೆ. “ಇದರ ವಾಸನೆ… ನೀವೇ ಸ್ವಲ್ಪ ಹೇಳಿ. ಏನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ರಿ?”

ಎಲ್ಲರೂ ಅವಳ ಕಡೆ ನೋಡಿದರು. ಹೇಳುವುದು ಸುಲಭವಿತ್ತು. ನೆರಳಲ್ಲಿ ಒಣಗಿದ ಬಟ್ಟೆ ಎನ್ನಬಹುದಿತ್ತು, ಅಷ್ಟು ಚೆನ್ನಾಗಿ ಹೇಳಬಹುದಿತ್ತೆಂದರೆ, ಅಪ್ಪ ಹೇಳಿದಂತೆ, ಬಾಯಿಮಾತು ಮೂಗಿಗೆ ಹೋಗಿಯೇಬಿಡುತ್ತಿತ್ತೇನೋ. ಅಥವಾ, ಇದು ತಪ್ಪಾಗಿ ಬೇರೆ ಹಲಗೆಯಿಂದ ಬಂದದ್ದು ಎಂದು ತಮ್ಮನನ್ನು ಗದರಿ, ಇನ್ನೊಂದು ವಾರ ಕೇಳಬಹುದಿತ್ತು. ತಮ್ಮ ನೆಲ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು, ಅವಳ ಪರವಾಗಿ ಕೆಂಪಾಗಿದ್ದವು, ಮತ್ತು ಅವಳು ಏನು ಹೇಳಿದರೂ ಅವನು ಹೌದು ಎನ್ನುವವನಿದ್ದ.

“ನೀನು ಹೇಳು” ಎಂದಳು ಅವಳು, ಹೊಸಬಳಿಗೆ.

ಹೊಸಬಳು ತಟ್ಟೆಯನ್ನು ಬಂದವಳ ಮುಂದಿಟ್ಟಳು. “ನಾನಾ? ಅಕ್ಕ, ನೀವಿನ್ನೂ ಹೇಳೇ ಇಲ್ಲ…”

“ಇವತ್ತು ನೀನು ಮೊದಲು. ಇದ್ದಿದ್ದನ್ನ ಇದ್ದ ಹಾಗೆ.”

ಅವಳು ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ, ತೀರ ಸಣ್ಣ ದನಿಯಲ್ಲಿ, “ಕಮಟು ಎಣ್ಣೆ ವಾಸನೆ ಅಕ್ಕ. ಮೊದಲನೇ ದಿನದಿಂದಾನೂ. ನೀವು ಏನೋ ಸೇರಿಸ್ತೀರ, ಹೋಗುತ್ತೆ ಅಂದ್ಕೊಂಡಿದ್ವಿ.”

“ನನಗೆ ವಾಸನೆ ಬರಲ್ಲ” ಎಂದಳು ಅವಳು, ಬಂದವಳಿಗೆ. ಇಷ್ಟು ಚಿಕ್ಕ ವಾಕ್ಯವೇ ಎಂದು ಆಶ್ಚರ್ಯವಾಯಿತು. “ಚಳಿಗಾಲದಿಂದ. ಎಣ್ಣೆ ಕೆಟ್ಟಿದ್ದು ನನಗೆ ಗೊತ್ತಾಗಿದ್ದು ಈಗ, ನೀವು ಕಾರಿಂದ ಇಳಿಯೋ ಹೊತ್ತಿಗೆ.”

ಖರೀದಿಯ ಹೆಂಗಸು ಬಿಲ್ಲೆಯನ್ನು ಇದ್ದ ಜಾಗದಲ್ಲೇ, ಇದ್ದ ಸಾಲಿಗೇ ಸರಿಯಾಗಿ ಇಟ್ಟಳು. ಅವಳು ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ಸಂಬಂಧವೊಂದು ಹುಟ್ಟುತ್ತಿತ್ತು. ನೀರು ಕುಡಿದಳು. “ಇನ್ನೂ ಇಬ್ಬರನ್ನ ನೋಡೋದಿದೆ ನಾನು. ನಿಮಗೋಸ್ಕರ ನಿಲ್ತೀನಿ ಅಂತ ಹೇಳಕ್ಕಾಗಲ್ಲ. ಸರಿಯಾದ್ದು ಆದ್ರೆ ಕಳಿಸಿ, ಅಷ್ಟರಲ್ಲಿ ಯಾರದ್ದೂ ಖಾಯಂ ಆಗಿರದಿದ್ರೆ ನೋಡೋಣ” ಎಂದು ಎದ್ದಳು. ತಮ್ಮ ಕಾರಿನವರೆಗೆ ಹೋಗಿ ಬಂದ. ಬರುವಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದ.

“ಚಳಿಗಾಲದಿಂದ,” ಎಂದ. “ಈ ಸಾಬೂನು ಇಳಿದಾಗಿಂದ ನಾವು ಮೂಗು ಮುಚ್ಕೊಂಡು ಮಲಗ್ತಿದ್ವಿ ಅಕ್ಕ. ನಿಜವಾಗ್ಲೂ. ಇವಳು ದಿಂಬಿಗೆ ಪೌಡರ್ ಹಾಕ್ತಿದ್ಲು.” ಅವನಿಗೆ ನಗು ಬರುವುದರಲ್ಲಿತ್ತು, ಬರಲಿಲ್ಲ. “ಒಂದು ಮಾತು ಹೇಳೋಕೇನಾಗಿತ್ತು ನಿನಗೆ?”

“ನಿನಗೇನಾಗಿತ್ತೋ?” ಎಂದಳು ಅಮ್ಮ. “ನನಗೇನಾಗಿತ್ತು? ಹಾಲು ಸೀದ ದಿನಾನೇ ಗೊತ್ತಾಯ್ತು ನನಗೆ. ಅವಳೇ ಹೇಳ್ಲಿ ಅಂತ ಕೂತೆ. ನಿಮ್ಮಪ್ಪ ನಮ್ಮೆಲ್ಲರ ಬಾಯಿಗೂ ಚೆನ್ನಾಗಿ ಹೊಲಿಗೆ ಹಾಕಿ ಹೋದ್ರು.” ಹೇಳಿ ಒಳಗೆ ಹೋದಳು. ಅಮ್ಮನಿಗೆ ಗೊತ್ತಿತ್ತು. ಅಷ್ಟು ದಿನ ತಾನು ಒಬ್ಬಳೇ ಎಂದುಕೊಂಡು ಕೂತಿದ್ದ ಕೋಣೆಯಲ್ಲಿ ಅಮ್ಮನೂ ಕೂತಿದ್ದಳು, ದೀಪ ಹಚ್ಚದೆ, ಉಸಿರು ಕೇಳಿಸದ ಹಾಗೆ. ಅದರಿಂದ ಒಂಟಿತನ ಕಡಿಮೆಯಾಗಬೇಕಿತ್ತು. ಯಾಕೋ ಇಮ್ಮಡಿಯಾಯಿತು. ಶೆಡ್ಡಿನ ಬಾಡಿಗೆಯ ಮಾತನ್ನು ತಮ್ಮ ಆ ಹೊತ್ತಿಗೆ ಎತ್ತಲಿಲ್ಲ. ಎತ್ತುತ್ತಾನೆ, ನಾಳೆಯೋ ನಾಡಿದ್ದೋ, ಮೆತ್ತಗೆ, ತಟ್ಟೆಯಲ್ಲಿ ಬೆರಳಾಡಿಸುತ್ತ.

ಮಧ್ಯಾಹ್ನ ಅವಳು ಹಲಗೆಗಳನ್ನು ಖಾಲಿ ಮಾಡಿದಳು. ಯಾರನ್ನೂ ಕರೆಯಲಿಲ್ಲ. ಬಿಲ್ಲೆಗಳು ಗೋಣಿಗೆ ಬೀಳುವಾಗ ಒಳ್ಳೆಯ ಗಟ್ಟಿ ಸದ್ದು ಬರುತ್ತಿತ್ತು. ಡ್ರಮ್ಮನ್ನು ಉರುಳಿಸಿ ಹೊರಗೆ ಹಾಕಿದಳು. ಒಳಕೋಣೆಯ ಕತ್ತಲಲ್ಲಿ ಬಾರ್ ಸಾಬೂನಿಗೆಂದು ತಂದಿಟ್ಟ ಹೊಸ ಎಣ್ಣೆಯ ಡಬ್ಬಿಗಳಿದ್ದವು. ಒಂದನ್ನು ಎತ್ತಿ ತಂದು ಮುಚ್ಚಳ ಕೀಳಲು ನೋಡಿದಳು, ಬರಲಿಲ್ಲ. ಹೊಸಬಳು ಯಾವಾಗ ಬಂದು ನಿಂತಿದ್ದಳೋ, ಕೈಯಿಂದ ಡಬ್ಬಿ ತೆಗೆದುಕೊಂಡು ಚಮಚದ ಹಿಡಿಯಿಂದ ಮೀಟಿ ತೆರೆದಳು.

“ಮತ್ತೆ ಮಾಡ್ತೀರಾ?”

“ಮಾಡ್ದೆ ಇನ್ನೇನು?”

“ಅವರು ತಗೋತಾರೋ ಇಲ್ವೋ.”

“ತಗೋತಾರೋ ಇಲ್ವೋ.” ಅವಳು ಸೌಟನ್ನು ಒರೆಸಿ, ಡಬ್ಬಿಯ ಎಣ್ಣೆಯಲ್ಲಿ ಅದ್ದಿ, ಹೊಸಬಳ ಕಡೆ ಚಾಚಿದಳು. “ಮೂಸು.”

ಹೊಸಬಳು ಬಗ್ಗಿ ಮೂಸಿದಳು. “ಚೆನ್ನಾಗಿದೆ.”

“ಚೆನ್ನಾಗಿದೆ ಅಂದ್ರೆ ನನಗೇನು ಗೊತ್ತಾಗುತ್ತೆ? ಹೇಗಿದೆ ಹೇಳು.”

“ಅಯ್ಯೋ, ಎಣ್ಣೆ ಹಾಗಿದೆ ಅಕ್ಕ.”

“ಅದಲ್ಲ. ಇನ್ನೊಂದ್ಸಲ.”

ಹೊಸಬಳು ಈ ಸಲ ಕಣ್ಣು ಮುಚ್ಚಿದಳು. ಹುಬ್ಬುಗಳ ನಡುವೆ ಸಣ್ಣ ಗಂಟು ಕಟ್ಟಿ, ಮೂಗಿನ ಹೊಳ್ಳೆ ಅಗಲವಾಗಿ, ಮುಖಕ್ಕೆ ಯಾರೂ ನೋಡುತ್ತಿಲ್ಲವೆಂಬಂಥ ಒಂದು ಬಿಡುಗಡೆ ಬಂತು. ತಾನು ಹಾಗೆ ಕೂತಿದ್ದಾಗ ಅಪ್ಪ ನೋಡುತ್ತಿದ್ದದ್ದು ಈ ಮುಖವನ್ನೇ ಇರಬೇಕು. ಸೌಟನ್ನು ಹಾಗೇ ಹಿಡಿದು ಕಾದಳು.

“ಮಗು ತಲೆ,” ಎಂದಳು ಹೊಸಬಳು, ಕಣ್ಣು ತೆರೆಯದೆ. “ನಿದ್ದೆಯಿಂದ ಎದ್ದ ಮಗು ತಲೆ ಇರುತ್ತಲ್ಲ, ಬೆಚ್ಚಗೆ. ಅದರ ಥರ. ಹಿಂದುಗಡೆ ಸ್ವಲ್ಪ ಮರದ ಪೆಟ್ಟಿಗೆ.”

ಅವಳು ಅದನ್ನು ತನ್ನೊಳಗೆ ಹುಡುಕಿದಳು. ಅವಳು ಮಾಡಬೇಕೆಂದಿದ್ದ ಸಾಬೂನಿನಲ್ಲಿ ಎಲ್ಲೂ ಮಗುವಿನ ತಲೆ ಇರಲಿಲ್ಲ. ಪೆಟ್ಟಿಗೆ ಇರಲಿಲ್ಲ. ನಿಜವಿರಬಹುದು, ಇಲ್ಲದಿರಬಹುದು, ಅವಳ ಮನಸ್ಸು ಗೆಲ್ಲಲು ಹೊಸಬಳು ಕಟ್ಟಿದ್ದೂ ಇರಬಹುದು. ಪರೀಕ್ಷೆ ಮಾಡುವ ದಾರಿ ಇನ್ನು ಯಾವತ್ತೂ ಇರುವುದಿಲ್ಲ.

“ಸುರಿ” ಎಂದಳು, ಕೊಪ್ಪರಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು.